ಕಷ್ಟಪಟ್ಟಿದ್ದಕ್ಕೆ ಮಾರ್ಕ್ಸಾ, ಮಾಡಿದ ಕೆಲಸಕ್ಕೆ ಮಾರ್ಕ್ಸಾ?

"ಸರ್, ನಾನು ತುಂಬಾ ಕಷ್ಟಪಟ್ಟು ಬರೆದಿದ್ದೆ. ಆದ್ರೂ ಇಷ್ಟೇನಾ?" ಫಲಿತಾಂಶ ಬಂದ ಮರುದಿನ ಈ ಮಾತು ಕೇಳಿಬರದ ಕಾಲೇಜು ಇರಲಿಕ್ಕಿಲ್ಲ. ಕೇಳುವ ವಿದ್ಯಾರ್ಥಿ ಸುಳ್ಳು ಹೇಳುತ್ತಿರುವುದಿಲ್ಲ. ನಿಜಕ್ಕೂ ನಿದ್ದೆಗೆಟ್ಟು ಓದಿರುತ್ತಾನೆ. ಎದುರಿಗೆ ಕೂತ ಅಧ್ಯಾಪಕರೂ ಕಲ್ಲು ಮನಸ್ಸಿನವರಲ್ಲ. ಅವರ ಕೈಯಲ್ಲಿರುವ ಹಾಳೆಯಲ್ಲಿ ಆ ರಾತ್ರಿಗಳು ಕಾಣುತ್ತಿಲ್ಲ, ಅಷ್ಟೇ.

ಈ ತಕರಾರು ಹಳೆಯದು. ಆದರೆ 2022ರ ನವೆಂಬರ್‌ನಲ್ಲಿ, ಕೇಳಿದ್ದನ್ನು ಬರೆದುಕೊಡುವ ಎಐ ಸಾಧನ ಚಾಟ್‌ಜಿಪಿಟಿ ಬಂದ ಮೇಲೆ ಇದು ಎಲ್ಲರ ಮನೆಯ ಮಾತಾಗಿದೆ. ಚೆನ್ನಾಗಿ ಬರೆದ ಪ್ರಬಂಧ ನೋಡಿದರೆ, ಬರೆದವರಿಗೆ ವಿಷಯ ಗೊತ್ತಿದೆ, ಅದಕ್ಕಾಗಿ ಒಂದಿಷ್ಟು ದುಡಿದಿದ್ದಾರೆ ಅಂತ ಮೊದಲೆಲ್ಲ ನಂಬಬಹುದಿತ್ತು. ಈಗ ಎರಡೇ ನಿಮಿಷದಲ್ಲಿ ಅಂಥ ಪ್ರಬಂಧ ಸಿಗುತ್ತದೆ. ಹಾಗಾಗಿ ಅನೇಕ ಅಧ್ಯಾಪಕರು "ಕೊನೆಗೆ ಬಂದ ಹಾಳೆ ಸಾಕಾಗಲ್ಲ, ಅದನ್ನು ಹೇಗೆ ಮಾಡಿದಿರಿ ಅಂತ ತೋರಿಸಿ" ಅನ್ನತೊಡಗಿದ್ದಾರೆ. ಅಂದರೆ ಶ್ರಮಕ್ಕೆ ಮತ್ತೆ ಲೆಕ್ಕ ಸಿಗುತ್ತಿದೆ. ಆ ಲೆಕ್ಕ ಹಾಕುವುದು ಹೇಗೆ, ಅದರಲ್ಲಿ ಎಲ್ಲಿ ಎಡವುತ್ತಾರೆ, ಬೇರೆ ದಾರಿಗಳೇನಿವೆ ಅಂತ ಒಂದೊಂದಾಗಿ ನೋಡೋಣ.

ಮಾರ್ಕ್ಸ್ ಯಾರಿಗಾಗಿ?

ಮಾರ್ಕ್ಸ್ ಕಾರ್ಡನ್ನು ಕನಿಷ್ಠ ಮೂರು ಜನ ಓದುತ್ತಾರೆ. ವಿದ್ಯಾರ್ಥಿ ಓದುವುದು "ನಾನು ಎಲ್ಲಿದ್ದೇನೆ, ಮುಂದೇನು ಮಾಡಬೇಕು" ಅಂತ ತಿಳಿಯಲು. ಕಾಲೇಜು ಓದುವುದು ಮುಂದಿನ ತರಗತಿಗೆ ಕಳಿಸಬಹುದಾ ಅಂತ ನಿರ್ಧರಿಸಲು. ಹೊರಗಿನವರು, ಅಂದರೆ ಕೆಲಸ ಕೊಡುವವರು ಅಥವಾ ಮುಂದಿನ ಕೋರ್ಸಿಗೆ ಸೇರಿಸಿಕೊಳ್ಳುವವರು, ಓದುವುದು "ಇವರಿಗೆ ಈ ಕೆಲಸ ಬರುತ್ತದಾ" ಅಂತ ನೋಡಲು.

ಮೂವರ ಪ್ರಶ್ನೆಯೂ ಬೇರೆ. ಆದರೆ ಮೂವರಿಗೂ ಸಿಗುವುದು ಒಂದೇ ಅಕ್ಷರ ಅಥವಾ ಒಂದೇ ಸಂಖ್ಯೆ. ಶ್ರಮವೋ ಗುಣಮಟ್ಟವೋ ಅನ್ನುವ ಜಗಳದ ಬಹುಪಾಲು ಇಲ್ಲೇ ಹುಟ್ಟುತ್ತದೆ.

ಡ್ರೈವಿಂಗ್ ಲೈಸೆನ್ಸ್ ನೆನಪಿಸಿಕೊಳ್ಳಿ. ಒಬ್ಬರು ಮೂರು ತಿಂಗಳು ಬಿಡದೆ ಕಲಿತರು, ಇನ್ನೊಬ್ಬರಿಗೆ ಎರಡು ವಾರ ಸಾಕಾಯಿತು. ಟೆಸ್ಟ್ ತೆಗೆದುಕೊಳ್ಳುವವರು ಇಬ್ಬರಿಗೂ ಕೇಳುವುದು ಒಂದೇ: ಬ್ರೇಕ್ ಸರಿಯಾಗಿ ಹಾಕುತ್ತೀರಾ, ತಿರುವಿನಲ್ಲಿ ನೋಡಿಕೊಂಡು ತಿರುಗಿಸುತ್ತೀರಾ? ರಸ್ತೆಯಲ್ಲಿ ನಡೆದು ಹೋಗುವವರಿಗೆ ಬೇಕಾಗಿರುವುದೂ ಇಷ್ಟೇ. ಆದರೆ ಕಲಿಸುವ ಮೇಷ್ಟ್ರಿಗೆ ಆ ಮೂರು ತಿಂಗಳ ಕಥೆ ಬೇಕು. ಎಲ್ಲಿ ಹೆದರಿಕೆ, ಎಲ್ಲಿ ತಪ್ಪುತ್ತಿದೆ ಅಂತ ಗೊತ್ತಾಗದೆ ಅವರು ಕಲಿಸುವುದಾದರೂ ಹೇಗೆ? ಕಾಲೇಜಿನಲ್ಲಿ ಕಲಿಸುವವರೂ ಟೆಸ್ಟ್ ಮಾಡುವವರೂ ಸಾಮಾನ್ಯವಾಗಿ ಒಬ್ಬರೇ. ಅದಕ್ಕೇ ಗೊಂದಲ ಜಾಸ್ತಿ.

ಇಲ್ಲಿ ಇನ್ನೊಂದು ವಿಷಯ ತಿಳಿದಿರಲಿ. ಗುಣಮಟ್ಟ ಅಳೆಯುವುದರಲ್ಲೇ ಎರಡು ಬಗೆ ಇದೆ. ತರಗತಿಯ ಉಳಿದವರ ಜೊತೆ ಹೋಲಿಸಿ ಮಾರ್ಕ್ಸ್ ಕೊಡುವುದು ಒಂದು. ಮೊದಲೇ ಬರೆದಿಟ್ಟ ಮಟ್ಟದ ಜೊತೆ ಹೋಲಿಸುವುದು ಇನ್ನೊಂದು. ಈ ವ್ಯತ್ಯಾಸವನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಗ್ಲೇಸರ್ 1963ರಲ್ಲಿ ಸ್ಪಷ್ಟವಾಗಿ ಬಿಡಿಸಿಟ್ಟರು. ಮೊದಲ ಬಗೆಯಲ್ಲಿ ನೀವು ಎಷ್ಟೇ ಚೆನ್ನಾಗಿ ಮಾಡಿದರೂ ಪಕ್ಕದವರು ಇನ್ನೂ ಚೆನ್ನಾಗಿ ಮಾಡಿದರೆ ಕೆಳಗಿಳಿಯುತ್ತೀರಿ. "ಕಷ್ಟಪಟ್ಟರೂ ಬೆಲೆ ಇಲ್ಲ" ಅನ್ನುವ ಬೇಸರ ಅಲ್ಲಿ ಹೆಚ್ಚು. ಎರಡನೇ ಬಗೆಯಲ್ಲಿ ಎಲ್ಲರೂ ಮಟ್ಟ ಮುಟ್ಟಿದರೆ ಎಲ್ಲರಿಗೂ ಒಳ್ಳೆಯ ಗ್ರೇಡ್ ಸಿಗಬಹುದು.

ಶ್ರಮ ಅಂತ ಯಾವುದನ್ನು ಲೆಕ್ಕ ಹಾಕುತ್ತಾರೆ?

ಶ್ರಮವನ್ನು ಯಾರೂ ಕಣ್ಣಿಂದ ನೋಡಲು ಆಗುವುದಿಲ್ಲ. ಅದು ಬಿಟ್ಟುಹೋದ ಗುರುತುಗಳನ್ನಷ್ಟೇ ನೋಡಬಹುದು. ಹಾಜರಾತಿ, ಹೊತ್ತಿಗೆ ಸರಿಯಾಗಿ ಕೊಟ್ಟ ಅಸೈನ್‌ಮೆಂಟ್, ಮೊದಲ ಕರಡು, ತಿದ್ದಿದ ಕರಡು, ತರಗತಿಯಲ್ಲಿ ಕೇಳಿದ ಪ್ರಶ್ನೆ, ಸಂಶಯ ಬಂದಾಗ ಅಧ್ಯಾಪಕರ ಕೋಣೆಗೆ ಬಂದದ್ದು. ಇಷ್ಟರ ಮೇಲೆ "ಈ ಹುಡುಗಿ ಶ್ರಮಜೀವಿ" ಅನ್ನುವ ತೀರ್ಮಾನ ಆಗುತ್ತದೆ.

ತೊಂದರೆ ಏನೆಂದರೆ, ಈ ಗುರುತುಗಳು ಎಲ್ಲರಿಗೂ ಒಂದೇ ಸುಲಭಕ್ಕೆ ಸಿಗುವುದಿಲ್ಲ. ಸಂಜೆ ಕೆಲಸಕ್ಕೆ ಹೋಗುವ ವಿದ್ಯಾರ್ಥಿ ಸಂಜೆಯ ಚರ್ಚೆಗೆ ಬರಲಾರ. ಮಾತು ಕಡಿಮೆ ಇರುವವರು ತರಗತಿಯಲ್ಲಿ ಕೈ ಎತ್ತುವುದಿಲ್ಲ. ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳುವ ಹುಡುಗಿಯ ಹಾಜರಾತಿ ಕಡಿಮೆಯೇ ಇರುತ್ತದೆ. ಇವರೆಲ್ಲ ಬೇರೆಯವರಿಗಿಂತ ಜಾಸ್ತಿ ದುಡಿಯುತ್ತಿರಬಹುದು, ಆದರೆ ಲೆಕ್ಕಕ್ಕೆ ಸಿಗುವುದಿಲ್ಲ. ಇನ್ನು ಕೆಲವರು ದಿನಾ ಬಂದು ಸುಮ್ನೆ ಕೂತು ಹೋಗುತ್ತಾರೆ. ಲೆಕ್ಕದಲ್ಲಿ ಅವರೇ ಮುಂದೆ.

ಗಂಟೆಗಳನ್ನು ಎಣಿಸಿದರೆ ಆಗಲ್ವಾ? ಅದೂ ಕೈಕೊಡುತ್ತದೆ. ಎಷ್ಟು ಹೊತ್ತು ಓದುತ್ತಾರೆ ಅನ್ನುವುದಕ್ಕೂ ಕಾಲೇಜಿನ ಗ್ರೇಡಿಗೂ ಏನು ಸಂಬಂಧ ಅಂತ ಅಮೆರಿಕದ ಸಂಶೋಧಕರ ತಂಡವೊಂದು ಹುಡುಕಿ 2005ರಲ್ಲಿ ಫಲಿತಾಂಶ ಪ್ರಕಟಿಸಿತು. ಅಭ್ಯಾಸದ ಮಹತ್ವದ ಬಗ್ಗೆ ಹೆಸರು ಮಾಡಿದ ಆಂಡರ್ಸ್ ಎರಿಕ್ಸನ್ ಕೂಡ ಆ ತಂಡದಲ್ಲಿದ್ದರು. ಬರೀ ಗಂಟೆಗಳಿಂದ ಗ್ರೇಡನ್ನು ಊಹಿಸಲು ಆಗುವುದಿಲ್ಲ ಅಂತ ಅವರಿಗೆ ಕಂಡಿತು. ಹಿಂದಿನ ಓದು ಎಷ್ಟು ಗಟ್ಟಿ, ಎಂಥ ಜಾಗದಲ್ಲಿ ಕೂತು ಓದುತ್ತಾರೆ ಅನ್ನುವುದನ್ನೂ ಸೇರಿಸಿದಾಗ ಮಾತ್ರ ಆ ಗಂಟೆಗಳಿಗೆ ಅರ್ಥ ಬಂತು.

ಶ್ರಮ ಎಲ್ಲಿ ಬೀಳುತ್ತದೆ ಅನ್ನುವುದು ಮುಖ್ಯ. 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳಿಗೆ ಒಂದು ಪಾಠ ಓದಿಸಿದರು. ಕೆಲವರು ಅದನ್ನೇ ಮತ್ತೆ ಓದಿದರು. ಇನ್ನು ಕೆಲವರು ಪುಸ್ತಕ ಮುಚ್ಚಿ, ನೆನಪಿದ್ದಷ್ಟನ್ನು ಬರೆದು ನೋಡಿಕೊಂಡರು. ಐದು ನಿಮಿಷ ಬಿಟ್ಟು ಪರೀಕ್ಷೆ ಮಾಡಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ನೋಡಿದರೆ ಲೆಕ್ಕ ತಿರುವುಮುರುವಾಗಿತ್ತು: ನೆನಪಿಸಿಕೊಂಡು ಬರೆದವರಿಗೆ ಪಾಠ ಹೆಚ್ಚು ಉಳಿದಿತ್ತು. ಹೊತ್ತು ಅಷ್ಟೇ, ಶ್ರಮದ ರೀತಿ ಬೇರೆ. ಎಷ್ಟು ಹೊತ್ತು ಕೂತರು ಅಂತ ಬರೆದಿಟ್ಟುಕೊಂಡರೆ ಈ ವ್ಯತ್ಯಾಸ ಕಾಣುವುದೇ ಇಲ್ಲ.

ಇನ್ನೊಂದು ಕಡೆಯಿಂದಲೂ ಮೋಸ ಹೋಗುತ್ತೇವೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಆರಂಭಿಕ ಭೌತಶಾಸ್ತ್ರದ ತರಗತಿಗಳಲ್ಲಿ ನಡೆಸಿದ ಒಂದು ಅಧ್ಯಯನ 2019ರಲ್ಲಿ ಹೊರಬಂತು. ತಾವೇ ಲೆಕ್ಕ ಬಿಡಿಸುತ್ತ ಕಲಿತ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಮುಂದಿದ್ದರು. ಆದರೆ ಚೆಂದದ ಉಪನ್ಯಾಸ ಕೇಳಿದವರೇ "ನಾವು ಜಾಸ್ತಿ ಕಲಿತೆವು" ಅಂದುಕೊಂಡಿದ್ದರು. ತಲೆಗೆ ಕೆಲಸ ಹೆಚ್ಚಾದಾಗ ಆಗುವ ಕಷ್ಟವನ್ನು ಮೊದಲ ಗುಂಪಿನವರು "ನನಗೆ ಅರ್ಥವಾಗುತ್ತಿಲ್ಲ" ಅಂತ ಓದಿಕೊಂಡಿದ್ದರು. ನಮ್ಮ ಕಲಿಕೆಯನ್ನು ನಾವೇ ಅಳೆದುಕೊಳ್ಳುವುದೂ ಅಷ್ಟು ನಂಬಿಕೆಯ ಅಳತೆಗೋಲಲ್ಲ.

ಒಂದೇ ಅಸೈನ್‌ಮೆಂಟ್, ಇಬ್ಬರು ವಿದ್ಯಾರ್ಥಿಗಳು

ಮಾತಿನಲ್ಲೇ ಹೇಳುತ್ತ ಹೋದರೆ ವಿಷಯ ತಲೆಗೆ ಇಳಿಯುವುದಿಲ್ಲ. ಒಂದು ಅಸೈನ್‌ಮೆಂಟನ್ನು ಹತ್ತಿರದಿಂದ ನೋಡೋಣ.

ಕಂಪ್ಯೂಟರ್ ತರಗತಿ ಅಂದುಕೊಳ್ಳಿ. ಕೆಲಸ ಇಷ್ಟು: ಒಂದು ಪಟ್ಟಿಯಲ್ಲಿರುವ ಅಂಕಗಳ ಸರಾಸರಿ ಹೇಳುವ ಪ್ರೋಗ್ರಾಂ ಬರೆಯಬೇಕು. ಪರೀಕ್ಷೆಗೆ ಬಾರದವರ ಹೆಸರಿನ ಮುಂದೆ "ಗೈರು" ಅಂತ ಇರುತ್ತದೆ. ಅವರನ್ನು ಲೆಕ್ಕಕ್ಕೆ ಸೇರಿಸಬಾರದು.

ಮೊದಲನೆಯ ವಿದ್ಯಾರ್ಥಿನಿ ಎಲ್ಲ ಅಂಕಗಳನ್ನು ಕೂಡಿಸಿ, ಎಷ್ಟು ಹೆಸರಿದೆಯೋ ಅಷ್ಟರಿಂದ ಭಾಗಿಸಿದ್ದಾಳೆ. "ಗೈರು" ಬಂದಾಗ ಏನು ಮಾಡುವುದು ಅಂತ ತುಂಬಾ ಒದ್ದಾಡಿ, ಕೊನೆಗೆ ಅದನ್ನು ಸೊನ್ನೆ ಅಂತ ತೆಗೆದುಕೊಂಡಿದ್ದಾಳೆ. ಪಟ್ಟಿಯಲ್ಲಿ 80, 70, ಗೈರು ಅಂತ ಇದ್ದರೆ ಸರಾಸರಿ 75 ಬರಬೇಕು. ಅವಳ ಪ್ರೋಗ್ರಾಂ 50 ಅನ್ನುತ್ತದೆ. ಖಾಲಿ ಪಟ್ಟಿ ಕೊಟ್ಟರೆ ಸೊನ್ನೆಯಿಂದ ಭಾಗಿಸಲು ಹೋಗಿ ನಿಂತೇಬಿಡುತ್ತದೆ. ಆದರೆ ಅವಳು ಹಳೆಯ ಆವೃತ್ತಿಗಳನ್ನೆಲ್ಲ ಇಟ್ಟುಕೊಂಡಿದ್ದಾಳೆ. ಒಂದೊಂದರ ಮೇಲೂ ಟಿಪ್ಪಣಿ ಇದೆ: "ಇಲ್ಲಿ ಉತ್ತರ ಕಡಿಮೆ ಬರ್ತಿದೆ, ಯಾಕೆ ಅಂತ ನೋಡಬೇಕು." ತಪ್ಪು ಎಲ್ಲಿದೆ ಅಂತ ಅವಳ ಮೂಗಿಗೆ ವಾಸನೆ ಬಡಿದಿದೆ, ಕೈಗಿನ್ನೂ ಸಿಕ್ಕಿಲ್ಲ.

ಎರಡನೆಯವನ ಪ್ರೋಗ್ರಾಂ ಎಲ್ಲದಕ್ಕೂ ಸರಿ ಉತ್ತರ ಕೊಡುತ್ತದೆ. "ಗೈರು" ಬಿಟ್ಟು ಎಣಿಸುತ್ತದೆ, ಖಾಲಿ ಪಟ್ಟಿಗೆ "ಅಂಕಗಳಿಲ್ಲ" ಅನ್ನುತ್ತದೆ. ಕರಡು ಒಂದೂ ಇಲ್ಲ. "ಗೈರು ಇರುವವರನ್ನು ಬಿಡುವ ಸಾಲು ಯಾವುದು, ತೋರಿಸಪ್ಪ" ಅಂದರೆ ಪರದೆ ಮೇಲೆ ಕಣ್ಣಾಡಿಸುತ್ತಾನೆ, ತೋರಿಸಲು ಆಗುವುದಿಲ್ಲ.

ಈಗ ಹತ್ತಕ್ಕೆ ಎಷ್ಟು? ಬರೀ ಗುಣಮಟ್ಟ ನೋಡಿದರೆ ಮೊದಲನೆಯವಳಿಗೆ 4, ಎರಡನೆಯವನಿಗೆ 9 ಅನ್ನೋಣ. ಬರೀ ಶ್ರಮ ನೋಡಿದರೆ ಅವಳಿಗೆ 9, ಅವನಿಗೆ 2. ಎರಡನ್ನೂ ಸಮಸಮವಾಗಿ ಬೆರೆಸಿದರೆ ಅವಳಿಗೆ 6.5, ಅವನಿಗೆ 5.5.

ಬೆರೆಸಿದ್ದು ನ್ಯಾಯವಾಗಿ ಕಾಣುತ್ತದೆ, ಅಲ್ವಾ? ಆದರೆ ಆ 6.5 ಏನು ಹೇಳುತ್ತದೆ ನೋಡಿ. ಗುಣಮಟ್ಟದಲ್ಲೂ 6.5, ಶ್ರಮದಲ್ಲೂ 6.5 ಪಡೆದ ಮೂರನೆಯವನೊಬ್ಬ ಇದ್ದರೆ ಅವನ ಕಾರ್ಡಿನಲ್ಲೂ ಅದೇ 6.5. ಅವನ ಪ್ರೋಗ್ರಾಂ ಹೆಚ್ಚು ಕಡಿಮೆ ಸರಿಯಾಗಿ ಓಡುತ್ತದೆ. ಅವಳದು ತಪ್ಪು ಉತ್ತರ ಕೊಡುತ್ತದೆ. ಓದುವವರಿಗೆ ಈ ವ್ಯತ್ಯಾಸ ಕಾಣುವುದಿಲ್ಲ. ಅವಳಿಗೂ ನಷ್ಟವೇ. "ನನಗೆ ಇದು ಬಂತು" ಅಂದುಕೊಂಡು ಮುಂದಿನ ಕೋರ್ಸಿಗೆ ಹೋದರೆ ಅಲ್ಲಿ ಮೊದಲ ವಾರವೇ ಮುಗ್ಗರಿಸುತ್ತಾಳೆ.

ಇನ್ನೊಂದನ್ನೂ ಗಮನಿಸಿ. ಎರಡನೆಯವನ 9 ಕೂಡ ಸರಿಯಾದ ಅಂಕವಲ್ಲ. ಹಾಳೆಯ ಮೇಲಿನ ಗುಣಮಟ್ಟ ಅವನದು ಅನ್ನುವುದಕ್ಕೆ ಆಧಾರ ಇಲ್ಲ. ಬರೀ ಕೊನೆಯ ಕೆಲಸ ನೋಡುವ ಪದ್ಧತಿ ಈಗ ಬಿರುಕು ಬಿಡುತ್ತಿರುವುದು ಇಲ್ಲೇ.

ಒಂದು ಕಾಲೇಜು ಇದನ್ನು ನಿಯಮವಾಗಿಯೇ ಮಾಡಿತು

ಅಮೆರಿಕದ ದಕ್ಷಿಣ ಕ್ಯಾರೊಲಿನಾ ರಾಜ್ಯದ ಕೊಲಂಬಿಯಾ ನಗರದಲ್ಲಿ ಬೆನೆಡಿಕ್ಟ್ ಕಾಲೇಜು ಅಂತ ಇದೆ. ಕಪ್ಪು ಜನಾಂಗದವರ ಶಿಕ್ಷಣಕ್ಕಾಗಿ 1870ರಲ್ಲಿ ಶುರುವಾದ ಸಂಸ್ಥೆ. 2004ರ ಹೊತ್ತಿಗೆ ಅಲ್ಲೊಂದು ನಿಯಮ ಇತ್ತು. ಮೊದಲ ವರ್ಷದವರ ಗ್ರೇಡಿನಲ್ಲಿ ನೂರಕ್ಕೆ 60 ಪಾಲು ಶ್ರಮಕ್ಕೆ, 40 ಪಾಲು ಓದಿನ ಗುಣಮಟ್ಟಕ್ಕೆ. ಎರಡನೇ ವರ್ಷಕ್ಕೆ ಎರಡೂ ಸಮ, 50-50. ಮೂರನೇ ವರ್ಷದಿಂದ ಶ್ರಮದ ಪಾಲು ಇಲ್ಲ, ಕೆಲಸ ಮಾತ್ರ ಲೆಕ್ಕಕ್ಕೆ.

ಇದರ ಹಿಂದಿನ ಯೋಚನೆಯನ್ನು ಸಮಾಧಾನದಿಂದ ನೋಡಬೇಕು. ಸಾಕಷ್ಟು ತಯಾರಿ ಸಿಗದ ಶಾಲೆಗಳಿಂದ ಬಂದ ಮಕ್ಕಳಿಗೆ ಮೊದಲ ಸೆಮಿಸ್ಟರ್‌ನಲ್ಲೇ ಫೇಲ್ ಅಂತ ಮುದ್ರೆ ಒತ್ತಿದರೆ ಅವರು ಓದು ಬಿಟ್ಟು ಹೋಗುತ್ತಾರೆ. ಮೊದಲು ತರಗತಿಗೆ ಬರುವ, ಕೊಟ್ಟ ಕೆಲಸ ಮುಗಿಸುವ ರೂಢಿ ಬೆಳೆಯಲಿ. ಆಮೇಲೆ ಗುಣಮಟ್ಟ ಕೇಳೋಣ. ಆ ನಿಯಮದ ತಿರುಳು ಇಷ್ಟು.

ಲೆಕ್ಕ ಹಾಕಿದಾಗ ಏನಾಗುತ್ತದೆ? ಶ್ರಮಕ್ಕೆ ಎ, ಗುಣಮಟ್ಟಕ್ಕೆ ಎಫ್ ಬಂದ ಮೊದಲ ವರ್ಷದ ವಿದ್ಯಾರ್ಥಿಯನ್ನು ತೆಗೆದುಕೊಳ್ಳಿ. ನಾಲ್ಕರ ಅಳತೆಯಲ್ಲಿ ಎ ಅಂದರೆ 4, ಎಫ್ ಅಂದರೆ 0. ನಾಲ್ಕರ 60 ಪಾಲು 2.4. ಅದು ಸಿ ಗ್ರೇಡ್. ಎರಡನೇ ವರ್ಷದ 50-50 ಲೆಕ್ಕದಲ್ಲಿ ಸರಿಯಾಗಿ 2. ಅದೂ ಸಿ. ಅಂದರೆ ವಿಷಯ ಏನೂ ಬಾರದಿದ್ದರೂ ಎರಡು ವರ್ಷ ಪಾಸಾಗುತ್ತ ಹೋಗಬಹುದು. ಮೂರನೇ ವರ್ಷ ಶ್ರಮದ ಪಾಲನ್ನು ತೆಗೆದ ಕೂಡಲೇ ಕಾಲ ಕೆಳಗಿನ ನೆಲವೇ ಇರುವುದಿಲ್ಲ.

ಇಬ್ಬರು ಅಧ್ಯಾಪಕರು ಈ ಲೆಕ್ಕಕ್ಕೆ ಒಪ್ಪಲಿಲ್ಲ. ವಿಷಯ ಗೊತ್ತಿದ್ದಷ್ಟಕ್ಕೇ ಗ್ರೇಡ್ ಕೊಟ್ಟರು. 2004ರಲ್ಲಿ ಕಾಲೇಜು ಅವರನ್ನು ಕೆಲಸದಿಂದ ತೆಗೆಯಿತು. ಸುದ್ದಿ ದೇಶವೆಲ್ಲ ಹರಡಿತು. ಆಗ ಇನ್ನೊಂದು ಪ್ರಶ್ನೆಯೂ ಎದ್ದಿತು: ಗ್ರೇಡ್ ಕೊಡುವ ಅಧಿಕಾರ ಕಲಿಸಿದವರದ್ದಾ, ಆಡಳಿತದ್ದಾ?

ನನಗನ್ನಿಸುವುದು ಇಷ್ಟು. ಆ ಕಾಲೇಜಿನ ಕಾಳಜಿ ನಿಜವಾದದ್ದು. ಆದರೆ ಆ ಕಾಳಜಿಯನ್ನು ತುಂಬಿದ ಜಾಗ ತಪ್ಪು. ಮೊದಲ ವರ್ಷದ ಏಟಿನಿಂದ ಕಾಪಾಡಲು ಬೇರೆ ದಾರಿ ಇದೆ. ಅಮೆರಿಕದ ಎಂಐಟಿಯಲ್ಲಿ ಹೊಸಬರಿಗೆ ಮೊದಲ ಸೆಮಿಸ್ಟರ್‌ನಲ್ಲಿ ಅಕ್ಷರದ ಗ್ರೇಡ್ ಇಲ್ಲ. ಪಾಸಾದರೆ ಪಾಸ್ ಅಂತ ದಾಖಲೆಯಲ್ಲಿ ಬರುತ್ತದೆ. ಪಾಸಾಗದಿದ್ದರೆ ಹೊರಗೆ ಕೊಡುವ ದಾಖಲೆಯಲ್ಲಿ ಆ ವಿಷಯವೇ ಇರುವುದಿಲ್ಲ. ಅಲ್ಲಿ ಮಟ್ಟವನ್ನು ಇಳಿಸಿಲ್ಲ. ಎಡವಿದರೆ ಆಗುವ ಪೆಟ್ಟನ್ನು ಕಡಿಮೆ ಮಾಡಿದ್ದಾರೆ, ಅಷ್ಟೇ.

ಹಾಗಾದರೆ ಗುಣಮಟ್ಟವನ್ನೇ ನೋಡಿದರೆ ಮುಗೀತಲ್ಲ?

ಮುಗಿಯುವುದಿಲ್ಲ. ಗುಣಮಟ್ಟ ಅಳೆಯುವ ಕೈಯೂ ಅಲುಗಾಡುತ್ತದೆ. 1912ರಲ್ಲಿ ಡೇನಿಯಲ್ ಸ್ಟಾರ್ಚ್ ಮತ್ತು ಎಡ್ವರ್ಡ್ ಎಲಿಯಟ್ ಅನ್ನುವ ಅಮೆರಿಕದ ಸಂಶೋಧಕರು ಪ್ರೌಢಶಾಲೆಯ ಇಂಗ್ಲಿಷ್ ಉತ್ತರ ಪತ್ರಿಕೆಯೊಂದರ ಪ್ರತಿಗಳನ್ನು ಬೇರೆ ಬೇರೆ ಶಾಲೆಗಳಿಗೆ ಕಳಿಸಿದರು. 142 ಶಿಕ್ಷಕರು ಅದನ್ನು ತಿದ್ದಿದರು. ನೂರಕ್ಕೆ 64ರಿಂದ 98ರವರೆಗೆ ಅಂಕ ಬಂತು. ಇಂಗ್ಲಿಷ್ ಅಲ್ವಾ, ಅಭಿಪ್ರಾಯ ಬೇರೆ ಇರಬಹುದು ಅಂತ ಮರುವರ್ಷ ರೇಖಾಗಣಿತದ ಪತ್ರಿಕೆ ಕಳಿಸಿದರು. ಅಲ್ಲಿ ಅಂತರ ಇನ್ನೂ ಜಾಸ್ತಿ ಆಯಿತು. ಒಬ್ಬರು 28 ಕೊಟ್ಟರು, ಇನ್ನೊಬ್ಬರು 90 ದಾಟಿಸಿದರು. ಕೆಲವರು ಅಂತಿಮ ಉತ್ತರ ಮಾತ್ರ ನೋಡಿದ್ದರು, ಕೆಲವರು ಹೆಜ್ಜೆಗಳಿಗೂ ಅಂಕ ಕೊಟ್ಟಿದ್ದರು, ಕೆಲವರು ಅಚ್ಚುಕಟ್ಟಾಗಿಲ್ಲ ಅಂತ ಕಳೆದಿದ್ದರು.

ಶ್ರಮದ ಸುದ್ದಿ ಕಿವಿಗೆ ಬಿದ್ದರೆ ಗುಣಮಟ್ಟದ ಅಳತೆಯೇ ಬದಲಾಗುತ್ತದೆ. 2004ರಲ್ಲಿ ಮನಶ್ಶಾಸ್ತ್ರಜ್ಞ ಜಸ್ಟಿನ್ ಕ್ರೂಗರ್ ಮತ್ತು ಜೊತೆಗಾರರು ಒಂದೇ ಕವಿತೆಯನ್ನು ಎರಡು ಗುಂಪಿಗೆ ತೋರಿಸಿದರು. ಒಂದು ಗುಂಪಿಗೆ ಇದನ್ನು ಬರೆಯಲು 4 ಗಂಟೆ ಹಿಡಿಯಿತು ಅಂದರು, ಇನ್ನೊಂದಕ್ಕೆ 18 ಗಂಟೆ ಅಂದರು. 18 ಗಂಟೆ ಅಂತ ಕೇಳಿದವರಿಗೆ ಕವಿತೆ ಹೆಚ್ಚು ಚೆನ್ನಾಗಿದೆ ಅನ್ನಿಸಿತು. ಒಂದಕ್ಷರವೂ ಬದಲಾಗಿರಲಿಲ್ಲ. ಅಧ್ಯಾಪಕರೂ ಮನುಷ್ಯರೇ. ಅದಕ್ಕೇ ಕೆಲವು ಕಡೆ ಹೆಸರು ಮುಚ್ಚಿ ತಿದ್ದುತ್ತಾರೆ.

ಅಲುಗಾಟ ಕಡಿಮೆ ಮಾಡಲು ಬಳಸುವ ಸಾಧನಕ್ಕೆ ರೂಬ್ರಿಕ್ ಅನ್ನುತ್ತಾರೆ. ಯಾವುದಕ್ಕೆ ಎಷ್ಟು ಅಂಕ ಅಂತ ಮೊದಲೇ ಬರೆದಿಟ್ಟ ಪಟ್ಟಿ ಅದು. ಒಳ್ಳೆಯ ರೂಬ್ರಿಕ್‌ನ ಒಂದು ಸಾಲು ಹೀಗಿರುತ್ತದೆ: "ಪ್ರತಿ ವಾದಕ್ಕೂ ಆಧಾರ ಇದೆ, ಎದುರು ವಾದಕ್ಕೂ ಉತ್ತರ ಕೊಟ್ಟಿದ್ದಾರೆ: 4 ಅಂಕ. ಆಧಾರ ಇದೆ, ಎದುರು ವಾದ ಮರೆತಿದ್ದಾರೆ: 3. ಕೆಲವಕ್ಕೆ ಮಾತ್ರ ಆಧಾರ: 2." "ಪ್ರಬಂಧ ಚೆನ್ನಾಗಿದೆ: 4, ಪರವಾಗಿಲ್ಲ: 3" ಅಂತ ಬರೆದರೆ ಅದು ರೂಬ್ರಿಕ್ ಅನ್ನಿಸಿಕೊಳ್ಳುವುದಿಲ್ಲ. ಓದಿದವರಿಗೆ ಏನು ತಿದ್ದಬೇಕು ಅಂತ ಗೊತ್ತಾಗಬೇಕು.

ಗುಣಮಟ್ಟದ ಬಗ್ಗೆ ಇನ್ನೂ ಒಂದು ಮಾತು ಇದೆ. ಎಲ್ಲರೂ ಒಂದೇ ಗೆರೆಯಿಂದ ಓಡಲು ಶುರು ಮಾಡಿರುವುದಿಲ್ಲ. ಚಿಕ್ಕಂದಿನಿಂದ ಮನೆ ತುಂಬ ಪುಸ್ತಕ ಇದ್ದವರಿಗೂ, ಕಲಿಯುವ ಭಾಷೆಯೇ ಹೊಸದಾಗಿರುವವರಿಗೂ ಒಂದೇ ಪ್ರಬಂಧ ಕೊಟ್ಟರೆ, ಗುಣಮಟ್ಟದ ಅಂಕದಲ್ಲಿ ಕೋರ್ಸ್ ಕಲಿಸಿದ್ದು ಎಷ್ಟು, ಮನೆಯಿಂದ ತಂದದ್ದು ಎಷ್ಟು ಅಂತ ಬೇರೆ ಮಾಡಲು ಬರುವುದಿಲ್ಲ. ಶ್ರಮದ ಪರ ಇರುವ ಅತಿ ಗಟ್ಟಿ ವಾದ ಇದೇ.

ಶ್ರಮವನ್ನು ಹೊಗಳುವುದು, ಶ್ರಮಕ್ಕೆ ಅಂಕ ಕೊಡುವುದು

ಈ ಎರಡನ್ನು ಒಂದೇ ಅಂದುಕೊಳ್ಳುವುದು ಜಾಸ್ತಿ. 1998ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆಯರಾದ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ ಐದನೇ ತರಗತಿಯ ಮಕ್ಕಳ ಮೇಲೆ ನಡೆಸಿದ ಪ್ರಯೋಗಗಳು ಪ್ರಕಟವಾದವು. "ನೀನು ಬುದ್ಧಿವಂತ" ಅಂತ ಹೊಗಳಿಸಿಕೊಂಡ ಮಕ್ಕಳು ಕಷ್ಟದ ಪ್ರಶ್ನೆಗಳಲ್ಲಿ ಸೋತ ಮೇಲೆ ಬೇಗ ಕೈಚೆಲ್ಲಿದರು. "ಚೆನ್ನಾಗಿ ಶ್ರಮಪಟ್ಟೆ" ಅಂತ ಹೊಗಳಿಸಿಕೊಂಡವರು ಇನ್ನೂ ಪ್ರಯತ್ನ ಮಾಡಿದರು. ಇದನ್ನು ಓದಿ ಅನೇಕರು "ಹಾಗಾದರೆ ಶ್ರಮಕ್ಕೇ ಅಂಕ ಕೊಡೋಣ" ಅಂದರು. ಆದರೆ ಆ ಪ್ರಯೋಗದಲ್ಲಿದ್ದದ್ದು ಹೊಗಳಿಕೆ. ಅಂಕದ ಮಾತು ಅಲ್ಲಿಲ್ಲ. 2015ರಲ್ಲಿ ಡ್ವೆಕ್ ಅವರೇ ಒಂದು ಲೇಖನ ಬರೆದು, ಕಲಿಕೆಯೇ ಆಗದ ಕಡೆ ಬರೀ ಶ್ರಮವನ್ನು ಹೊಗಳುತ್ತ ಕೂರುವುದು ತಮ್ಮ ಮಾತಿನ ಅರ್ಥವಲ್ಲ ಅಂತ ಎಚ್ಚರಿಸಿದರು. ದಾರಿ ಕೆಲಸ ಮಾಡದಿದ್ದಾಗ ಬೇರೆ ದಾರಿ ಹುಡುಕುವುದು, ನೆರವು ಕೇಳುವುದು ಕೂಡ ಅದರ ಭಾಗ.

ವಿದ್ಯಾರ್ಥಿಗಳ ನಿರೀಕ್ಷೆ ಏನು? 2008ರಲ್ಲಿ ಕ್ಯಾಲಿಫೋರ್ನಿಯಾದ ಎಲೆನ್ ಗ್ರೀನ್‌ಬರ್ಗರ್ ತಂಡ ಪ್ರಕಟಿಸಿದ ಸಮೀಕ್ಷೆಯಲ್ಲಿ ಸುಮಾರು ಮೂರನೇ ಎರಡರಷ್ಟು ಕಾಲೇಜು ವಿದ್ಯಾರ್ಥಿಗಳು, "ನಾನು ಕಷ್ಟಪಡುತ್ತಿದ್ದೇನೆ ಅಂತ ಅಧ್ಯಾಪಕರಿಗೆ ಹೇಳಿದರೆ ಗ್ರೇಡ್ ಕೊಡುವಾಗ ಅದನ್ನು ಸ್ವಲ್ಪ ಪರಿಗಣಿಸಬೇಕು" ಅನ್ನುವುದಕ್ಕೆ ಒಪ್ಪಿದರು. ಅದನ್ನು ದುರಾಸೆ ಅಂತ ತಳ್ಳಿಹಾಕುವುದು ಸರಿಯಲ್ಲ. ಹನ್ನೆರಡು ವರ್ಷ "ಕಷ್ಟಪಟ್ಟು ಓದು, ಮಾರ್ಕ್ಸ್ ಬರುತ್ತದೆ" ಅಂತ ಹೇಳಿ ಬೆಳೆಸಿದ ಮಕ್ಕಳು ಕಾಲೇಜಿನಲ್ಲಿ ಅದನ್ನೇ ಕೇಳುತ್ತಾರೆ.

ಎರಡನ್ನೂ ಉಳಿಸಿಕೊಳ್ಳುವ ದಾರಿಗಳು

ಜಗಳಕ್ಕೆ ಪರಿಹಾರ ಹುಡುಕಿದವರು ಹಲವರಿದ್ದಾರೆ. ನನಗೆ ಅತಿ ಅರ್ಥಪೂರ್ಣ ಅನ್ನಿಸಿದ್ದು ಸಮಯವನ್ನು ಸಡಿಲ ಬಿಟ್ಟು ಮಟ್ಟವನ್ನು ಬಿಗಿ ಹಿಡಿಯುವ ದಾರಿ. 1963ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಕ್ಯಾರಲ್ ಒಂದು ಸರಳ ಮಾತು ಹೇಳಿದರು: ಒಂದು ವಿಷಯ ಕಲಿಯಲು ಒಬ್ಬೊಬ್ಬರಿಗೆ ಒಂದೊಂದು ಹೊತ್ತು ಬೇಕು. ಮಾಮೂಲಿ ತರಗತಿಯಲ್ಲಿ ಹೊತ್ತು ಎಲ್ಲರಿಗೂ ಒಂದೇ, ಅದಕ್ಕೇ ಕಲಿಕೆ ಮೇಲೆ ಕೆಳಗೆ ಆಗುತ್ತದೆ. 1968ರಲ್ಲಿ ಅಲ್ಲಿಯ ಶಿಕ್ಷಣ ತಜ್ಞ ಬೆಂಜಮಿನ್ ಬ್ಲೂಮ್ ಇದನ್ನೇ ತಿರುಗಿಸಿದರು. ಮಟ್ಟ ಎಲ್ಲರಿಗೂ ಒಂದೇ ಇರಲಿ, ಅಲ್ಲಿಗೆ ಮುಟ್ಟುವ ಹೊತ್ತು ಬೇರೆ ಇರಲಿ. ಪಾಠದ ಮಧ್ಯೆ ಚಿಕ್ಕ ಪರೀಕ್ಷೆ, ತಪ್ಪಿದವರಿಗೆ ಬೇರೆ ರೀತಿಯಲ್ಲಿ ಮತ್ತೆ ಪಾಠ, ಮತ್ತೆ ಪರೀಕ್ಷೆ.

ನಮ್ಮ ಪ್ರೋಗ್ರಾಂ ಬರೆದ ಹುಡುಗಿಯನ್ನು ಇಲ್ಲಿ ಕೂರಿಸಿ ನೋಡಿ. ಮೊದಲ ಸಲ 4 ಬಂತು. ಪಕ್ಕದಲ್ಲಿ ಒಂದು ಟಿಪ್ಪಣಿ: "ಭಾಗಿಸುವ ಸಂಖ್ಯೆಯಲ್ಲಿ ಯಾರು ಯಾರು ಸೇರಿದ್ದಾರೆ ನೋಡು." ಅವಳು ಅದನ್ನು ನೋಡಿ, ತಿದ್ದಿ, ಒಂದು ವಾರದಲ್ಲಿ ಮತ್ತೆ ಕೊಡುತ್ತಾಳೆ. ಈಗ 80, 70, ಗೈರು ಅಂದರೆ 75 ಬರುತ್ತದೆ. ಅಂಕ 8 ಆಗುತ್ತದೆ. ಆ 8 ಅವಳ ಶ್ರಮದಿಂದಲೇ ಬಂದದ್ದು, ಆದರೂ ಅದು ಗುಣಮಟ್ಟದ ಅಂಕ. ಹೊರಗಿನವರು ಅದನ್ನು ನಂಬಬಹುದು. ಬೆಲೆಯೂ ಇದೆ: ಅಧ್ಯಾಪಕರು ಒಂದೇ ಕೆಲಸವನ್ನು ಎರಡೆರಡು ಸಲ ತಿದ್ದಬೇಕು. ತರಗತಿಯಲ್ಲಿ ನೂರಾರು ಜನ ಇದ್ದರೆ ಇದು ದೊಡ್ಡ ಹೊರೆ. ಈ ಪದ್ಧತಿ ಎಲ್ಲ ಕಡೆ ಇಲ್ಲದಿರುವುದಕ್ಕೆ ಇದೂ ಒಂದು ಕಾರಣ.

ಬರವಣಿಗೆ ಕಲಿಸುವವರು ಒಪ್ಪಂದದ ದಾರಿ ಹಿಡಿದಿದ್ದಾರೆ. ಪೀಟರ್ ಎಲ್ಬೊ ಮತ್ತು ಜೇನ್ ಡೇನಿಯಲೆವಿಚ್ 2009ರಲ್ಲಿ ವಿವರಿಸಿದ ಒಪ್ಪಂದ ಹೀಗಿದೆ: ತರಗತಿಗೆ ಬನ್ನಿ, ಎಲ್ಲ ಕರಡುಗಳನ್ನು ಬರೆಯಿರಿ, ನಿಜವಾಗಿ ತಿದ್ದಿ, ಜೊತೆಯವರ ಬರಹಕ್ಕೆ ಅಭಿಪ್ರಾಯ ಕೊಡಿ. ಇಷ್ಟು ಮಾಡಿದರೆ ಬಿ ಗ್ರೇಡ್ ಖಂಡಿತ. ಬಿ ಗ್ರೇಡಿಗಿಂತ ಮೇಲೆ ಬೇಕಾದರೆ ಬರವಣಿಗೆಯ ಗುಣಮಟ್ಟ ನೋಡುತ್ತೇವೆ. ಅಸಾವೊ ಇನೊವೆ ಅನ್ನುವವರು ಇನ್ನೂ ಮುಂದೆ ಹೋಗಿ, ಮಾಡಿದ ಕೆಲಸದ ಪ್ರಮಾಣದ ಮೇಲೇ ಇಡೀ ಗ್ರೇಡ್ ನಿಲ್ಲಿಸುವ ಒಪ್ಪಂದಗಳ ಪರ ಬರೆದಿದ್ದಾರೆ. ಗುಣಮಟ್ಟದ ಹೆಸರಲ್ಲಿ ಒಂದೇ ಬಗೆಯ ಭಾಷೆಗೆ ಅಂಕ ಸಿಗುತ್ತದೆ, ಬೇರೆ ಬಗೆಯ ಭಾಷೆ ಆಡಿ ಬೆಳೆದವರು ಸೋಲುತ್ತಾರೆ ಅನ್ನುವುದು ಅವರ ವಾದ. ಬರವಣಿಗೆಯ ತರಗತಿಯಲ್ಲಿ ಈ ವಾದಕ್ಕೆ ತೂಕ ಇದೆ. ಔಷಧದ ಪ್ರಮಾಣ ಲೆಕ್ಕ ಹಾಕುವ ನರ್ಸಿಂಗ್ ತರಗತಿಗೆ ಇದನ್ನು ಹಾಗೇ ಎತ್ತಿಕೊಂಡು ಹೋಗಲು ಬರುವುದಿಲ್ಲ.

ಇನ್ನೊಂದು, ಎರಡು ಅಂಕಣ ಇಡುವುದು. ಕೆಲಸಕ್ಕೆ ಒಂದು ಗ್ರೇಡ್, ಓದುವ ರೀತಿಗೆ ಇನ್ನೊಂದು ಟಿಪ್ಪಣಿ. ಬೆರೆಸುವುದು ಬೇಡ. ಶಾಲೆಗಳಲ್ಲಿ ಇದು ಹೆಚ್ಚು ಬಳಕೆಯಲ್ಲಿದೆ, ಕಾಲೇಜುಗಳಲ್ಲಿ ಕಡಿಮೆ.

ಎಐ ಬಂದ ಮೇಲೆ ಏನು ಬದಲಾಗುತ್ತಿದೆ?

ಕರಡು ಕೇಳುವುದು, ಬರೆಯುತ್ತ ಹೋದಂತೆ ಫೈಲಿನಲ್ಲಿ ಆದ ಬದಲಾವಣೆಗಳನ್ನು ನೋಡುವುದು, ತರಗತಿಯಲ್ಲೇ ಕೂರಿಸಿ ಬರೆಸುವುದು, ಕೊಟ್ಟ ಮೇಲೆ ಐದು ನಿಮಿಷ ವೈವಾ, ಅಂದರೆ ಬಾಯಿಮಾತಿನ ಪರೀಕ್ಷೆ, ಮಾಡುವುದು. ಇವೆಲ್ಲ ಈಗ ಹೆಚ್ಚುತ್ತಿವೆ. ಮೇಲುನೋಟಕ್ಕೆ ಇದು ಶ್ರಮಕ್ಕೆ ಅಂಕ ಕೊಟ್ಟಂತೆ ಕಾಣುತ್ತದೆ. ಒಳಗೆ ಎರಡು ಬೇರೆ ಉದ್ದೇಶಗಳಿವೆ.

ಕರಡುಗಳನ್ನು "ಈ ಕೆಲಸ ಇವರದೇ" ಅನ್ನುವುದಕ್ಕೆ ಪುರಾವೆಯಾಗಿ ನೋಡುವುದು ಒಂದು. ಆಗ ಅಂಕ ಗುಣಮಟ್ಟಕ್ಕೇ ಹೋಗುತ್ತದೆ, ಕರಡು ಸಾಕ್ಷಿ ಮಾತ್ರ. ಕರಡು ಇದೆ ಅನ್ನುವುದಕ್ಕೇ ಅಂಕ ಕೊಡುವುದು ಇನ್ನೊಂದು. ಎರಡನೆಯದರಲ್ಲಿ ಹಳೆಯ ತೊಂದರೆಗಳೆಲ್ಲ ವಾಪಸ್ ಬರುತ್ತವೆ. ಜೊತೆಗೆ ಹೊಸದೂ ಒಂದಿದೆ: ಎಐ ಬೇಕಾದಷ್ಟು ಕರಡುಗಳನ್ನೂ ಬರೆದುಕೊಡಬಲ್ಲದು, ನಡುವೆ ತಪ್ಪುಗಳನ್ನೂ ಹಾಕಿ.

ವೈವಾಕ್ಕೆ ಈ ತೊಂದರೆ ಕಡಿಮೆ. "ಈ ಸಾಲು ತೆಗೆದರೆ ಏನಾಗುತ್ತದೆ?" ಅಂತ ಕೇಳಿದರೆ, ಒದ್ದಾಡಿ ಬರೆದವಳು ಉತ್ತರ ತಪ್ಪಿದರೂ ಯಾಕೆ ಹಾಗೆ ಬರೆದೆ ಅಂತ ಹೇಳುತ್ತಾಳೆ. ಆ ವಿವರಣೆಯೇ ಅವಳಿಗೆ ಎಷ್ಟು ಗೊತ್ತು ಅಂತ ತೋರಿಸುತ್ತದೆ. ಆದರೆ ಎದುರು ನಿಂತು ಮಾತಾಡಲು ಹೆದರುವವರಿಗೆ ಮೊದಲೇ ಒಂದೆರಡು ಸಲ ಅಂಕವಿಲ್ಲದ ಅಭ್ಯಾಸ ಮಾಡಿಸಬೇಕು. ಇಲ್ಲದಿದ್ದರೆ ವೈವಾ ಧೈರ್ಯವನ್ನು ಅಳೆಯುತ್ತದೆ, ವಿಷಯವನ್ನಲ್ಲ.

ಕೋರ್ಸ್ ಶುರುವಾದಾಗಲೇ ಕೇಳಬೇಕಾದ್ದು

ಫಲಿತಾಂಶ ಬಂದ ಮೇಲೆ "ಕಷ್ಟಪಟ್ಟಿದ್ದೆ" ಅನ್ನುವುದಕ್ಕಿಂತ ಮೊದಲ ವಾರದಲ್ಲೇ ಕೆಲವು ಪ್ರಶ್ನೆ ಕೇಳುವುದು ಒಳ್ಳೆಯದು. ಹಾಜರಾತಿಗೆ, ಕರಡಿಗೆ ಅಂಕ ಇದೆಯಾ? ಇದ್ದರೆ ಎಷ್ಟು ಪಾಲು? ರೂಬ್ರಿಕ್ ಮೊದಲೇ ಕೊಡುತ್ತೀರಾ? ತಿದ್ದಿ ಮತ್ತೆ ಕೊಡಬಹುದಾ, ಎಷ್ಟು ದಿನದೊಳಗೆ? ಎಐ ಎಲ್ಲಿಯವರೆಗೆ ಬಳಸಬಹುದು, ಬಳಸಿದರೆ ಹೇಗೆ ತಿಳಿಸಬೇಕು? ಮನೆಯ ತೊಂದರೆಯಿಂದ ತರಗತಿ ತಪ್ಪಿದರೆ ಅದನ್ನು ತುಂಬಿಕೊಡಲು ಬೇರೆ ದಾರಿ ಇದೆಯಾ?

ಅಂಕ ಕಡಿಮೆ ಬಂದಾಗ ಅಧ್ಯಾಪಕರ ಹತ್ತಿರ ಹೋಗುವವರು ರೂಬ್ರಿಕ್ ಮತ್ತು ತಮ್ಮ ಹಾಳೆ ಎರಡನ್ನೂ ಕೈಯಲ್ಲಿ ಹಿಡಿದು ಹೋಗಿ. "ಈ ಸಾಲಿನಲ್ಲಿ ನನಗೆ 2 ಬಂದಿದೆ. 3 ಬರಬೇಕಾದರೆ ಇಲ್ಲಿ ಏನಿರಬೇಕಿತ್ತು?" ಅಂತ ಕೇಳಿ. ಈ ಪ್ರಶ್ನೆಗೆ ಅಧ್ಯಾಪಕರು ನಿಮ್ಮ ಹಾಳೆ ತೋರಿಸಿಯೇ ಉತ್ತರ ಕೊಡಬೇಕಾಗುತ್ತದೆ. ಅವರು ಅಂಕ ಕೊಟ್ಟಿದ್ದರಲ್ಲಿ ತಪ್ಪಾಗಿದ್ದರೆ ಅದೂ ಅಲ್ಲೇ ಗೊತ್ತಾಗುತ್ತದೆ. ಎಷ್ಟು ಹೊತ್ತು, ಹೇಗೆ ಓದಿದಿರಿ ಅನ್ನುವುದನ್ನೂ ಹೇಳಿ. ಅದರಿಂದ ಅಂಕ ಬದಲಾಗಲಿಕ್ಕಿಲ್ಲ. ಆದರೆ ಓದಿದ್ದನ್ನೇ ಮತ್ತೆ ಮತ್ತೆ ಓದುತ್ತಿದ್ದೀರಿ ಅಂತ ಗೊತ್ತಾದರೆ, ಪುಸ್ತಕ ಮುಚ್ಚಿ ಬರೆದು ನೋಡಿ ಅಂತ ಅವರು ಹೇಳಬಹುದು. ಮುಂದಿನ ಪರೀಕ್ಷೆಗೆ ಅದು ಕೆಲಸಕ್ಕೆ ಬರುತ್ತದೆ.